ಕೈಯಾರೆ ಮಾಡಿದ ಇರುಳು

ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಮುಗಿಯಿತು.
ಎರಡು ಕಿಟಕಿಗೂ ಅಂಟಿಸಿ, ಸಂದುಗಳಿಗೆ ಟೇಪು ಹಚ್ಚಿ,
ಮೇಲೆ ನನ್ನಪ್ಪನ ಕಪ್ಪು ಉಣ್ಣೆ ಕಂಬಳಿ ಇಳಿಬಿಟ್ಟು
ಮೊಳೆ ಹೊಡೆದೆ, ಹೆಬ್ಬೆರಳಿಗೂ ಒಂದು ಪೆಟ್ಟು.
ಜೂನ್ ತಿಂಗಳ ವಾರ್ಡೋ. ರಾತ್ರಿ ಹತ್ತು ಗಂಟೆ.
ಕಡಲಿಗೆ ಎರಡು ಮೊಳ ಮೇಲೆ ಸೂರ್ಯ
ಊಟವಾದರೂ ಏಳದ ನೆಂಟನ ಹಾಗೆ
ಕೂತೇ ಇದ್ದಾನೆ.

ಯೋರುನ್, ನೀನು ಡಿಸೆಂಬರಿನ ಕೂಸು,
ನಡುಹಗಲಿಗೂ ದೀಪ ಉರಿಸುವ ದಿನಗಳಲ್ಲಿ ಬಂದವಳು.
ಹೊಟ್ಟೆಯೊಳಗೂ ಕತ್ತಲು, ಹೊರಗೂ ಕತ್ತಲು;
ಹುಟ್ಟಿದ್ದು ನಿನಗೆ ಗೊತ್ತಾಯಿತೋ ಇಲ್ಲವೋ.
ಆಮೇಲೆ ಈ ಬೆಳಕು ಬಂತು. ಬಂದದ್ದು ಹೋಗಲಿಲ್ಲ.
"ಈಗ ರಾತ್ರಿ" ಎನ್ನುವ ಅಪ್ಪನ ಮಾತನ್ನು
ಆರು ತಿಂಗಳ ಯಾರು ತಾನೇ ನಂಬುತ್ತಾರೆ?

ಆರೋಗ್ಯ ಕೇಂದ್ರದ ನರ್ಸ್ ಗುಡ್‌ವೈಗ್ ಹೇಳಿದ್ದಳು:
ಕೂಸಿಗೆ ಗಡಿಯಾರ ಓದಲು ಬರುವುದಿಲ್ಲ,
ಒಂದರ ಹಿಂದೆ ಒಂದು ಬರುವುದು ಮಾತ್ರ ತಿಳಿಯುತ್ತದೆ.
ದಿನವೂ ಅದೇ ಹೊತ್ತು, ಅದೇ ಸಾಲು, ಅದೇ ದನಿ.
ಮಂಪರಿನಲ್ಲಿ ಮಲಗಿಸು, ಪೂರ್ತಿ ನಿದ್ದೆ ಹೋದ ಮೇಲಲ್ಲ.
ಅಂಗಾತ. ತೊಟ್ಟಿಲಲ್ಲಿ ದಿಂಬು ಬೇಡ, ಹೊದಿಕೆ ಬೇಡ,
ಅಜ್ಜಿ ಹೆಣೆದ ಮೊಲವೂ ಬೇಡ.
ಮೊಲಕ್ಕೆ ಬೇಜಾರಾಗುತ್ತದೆ ಎಂದೆ.
ಅವಳು ನಗಲಿಲ್ಲ.
ಫೈಲಿನಲ್ಲಿ ಏನೋ ಬರೆದುಕೊಂಡಳು.

ಸರಿ. ಮೀಯಿಸಿದೆ. ಹಾಲು ಕುಡಿಸಿದೆ.
ಮಲಗುವ ಚೀಲದೊಳಗೆ ಇಳಿಸಿ ಜಿಪ್ಪು ಎಳೆದೆ.
ಎತ್ತಿಕೊಂಡು ಮನೆ ಸುತ್ತಿ
"ಹೋಗಿಬರ್ತೀವಿ" ಎಂದೆ ಕೆಟಲಿಗೆ,
ಏಡಿ ಹಿಡಿಯಲು ಹೋದ ನಿನ್ನ ಅಮ್ಮನ
ಬೂಟುಗಳಿಲ್ಲದ ಜಾಗಕ್ಕೆ,
ಬಚ್ಚಲ ನಲ್ಲಿಗೆ. ಅದೊಂದೇ ಉತ್ತರ ಕೊಟ್ಟಿತು, ಟಪ್.
ನೀನು ಎಡಗಿವಿ ಉಜ್ಜಿಕೊಂಡೆ.
ಅದೇ ಗುರುತು. ಆ ಗಳಿಗೆ ತಪ್ಪಿದರೆ
ನಿದ್ದೆಯ ದೋಣಿ ಹೊರಟುಬಿಡುತ್ತದೆ,
ಮುಂದಿನದು ಒಂದೂವರೆ ತಾಸಿಗೆ.

ಮೊದಲ ರಾತ್ರಿ ತಪ್ಪಿತು. ಎರಡನೆಯದೂ.
ಮೂರನೆಯ ರಾತ್ರಿ, ರೆಪ್ಪೆಗೆ ರೆಪ್ಪೆ ಇನ್ನೇನು ಕೂಡಬೇಕು,
ಪಕ್ಕದ ಮಾಗ್ನ್‌ಹಿಲ್ಡ್ ಹುಲ್ಲು ಕತ್ತರಿಸುವ ಯಂತ್ರ ಚಾಲು ಮಾಡಿದಳು.
ಹನ್ನೊಂದೂ ಕಾಲು.
ಬರಿಗಾಲಲ್ಲಿ ಓಡಿದೆ, ಬೇಲಿಯಾಚೆ ಎರಡೂ ಕೈ ಬೀಸಿದೆ.
ಯಂತ್ರ ನಿಲ್ಲಿಸಿ "ರಾತ್ರಿಯಾಯಿತೇ?" ಎಂದಳು.
ತಮಾಷೆಗಲ್ಲ, ನಿಜವಾಗಿಯೂ ಕೇಳಿದಳು.
"ನನ್ನ ಐವರನ್ನು ನಾನು ಮಲಗಿಸಿದ್ದೇ ನೆನಪಿಲ್ಲ,
ಬಿದ್ದಲ್ಲೇ ಮಲಗಿದರು, ಒಬ್ಬ ಬಲೆಯ ರಾಶಿಯ ಮೇಲೆ."
ಆಮೇಲೆ, ತಗ್ಗಿದ ದನಿಯಲ್ಲಿ,
"ನಾನು ಮಲಗಿದ್ದೂ ನೆನಪಿಲ್ಲ."
ಅವಳ ಅಂಗಳದ ಹುಲ್ಲು ಇನ್ನೂ ಅರ್ಧಕ್ಕೇ ನಿಂತಿದೆ.

ಒಳಗೆ ಬಂದರೆ ನೀನು ಅಳುತ್ತಿದ್ದೆ.
ಎತ್ತಿಕೊಳ್ಳಲು ತೋಳು ತಾನೇ ಚಾಚಿತು; ತಡೆದೆ.
ನೆಲದ ಮೇಲೆ ಕೂತು, ತೊಟ್ಟಿಲ ಸರಳುಗಳ ನಡುವೆ ಕೈ ತೂರಿಸಿ
ಅಂಗೈಯನ್ನು ನಿನ್ನ ಎದೆಯ ಮೇಲಿಟ್ಟೆ. ಸುಮ್ಮನೆ.
ಕಿಟಕಿಯಂಚಿನ ಗೂಡುಗಳಲ್ಲಿ ಕಡಲಹಕ್ಕಿಗಳ ಜಗಳ.
ಹಾಳೆಯಲ್ಲಿ ಎಲ್ಲೋ ಸೂಜಿಯಷ್ಟು ತೂತು;
ಅದರಿಂದ ಒಂದು ಕಾಸಿನಷ್ಟು ಸೂರ್ಯ
ಗೋಡೆಯ ಮೇಲೆ ಇಷ್ಟಿಷ್ಟೇ ಸರಿಯುತ್ತಿತ್ತು.
ನಿನ್ನ ಬಿಕ್ಕಳಿಕೆಗಳ ನಡುವೆ ಜಾಗ ಹೆಚ್ಚಾಯಿತು.
ನನ್ನ ಕೈ ಜೋಮು ಹಿಡಿಯಿತು. ತೆಗೆಯಲಿಲ್ಲ.

ಉಪ್ಪಿನ ವಾಸನೆಗೆ ಎಚ್ಚರ. ನಾಲ್ಕು ಗಂಟೆ.
ಸುನ್ನಿವಾ ಬಾಗಿಲಲ್ಲಿ ನಿಂತಿದ್ದಾಳೆ,
ಅವಳ ಸುತ್ತಲಿಂದ ಬೆಳಕು ಒಳಕ್ಕೆ ಸುರಿಯುತ್ತಿದೆ.
ನೀನು ಕಣ್ಣು ತೆರೆದೆ.
ಇಬ್ಬರೂ ಉಸಿರು ಬಿಗಿಹಿಡಿದೆವು, ಕಳ್ಳರ ಹಾಗೆ.
ನೀನು ನಮ್ಮನ್ನು ನೋಡಲಿಲ್ಲ.
ನಿನ್ನ ಬೆರಳುಗಳನ್ನು ನೋಡಿಕೊಂಡೆ,
ಅವಕ್ಕೆ ಏನೋ ಒಂದು ಮಾತು ಹೇಳಿ
ಕಣ್ಣು ಮುಚ್ಚಿದೆ. ನೀನಾಗಿಯೇ.

ನವೆಂಬರಿಗೆ ಹಗಲು ಮಾಡಬೇಕಲ್ಲ, ಎಂದೆ ಪಿಸುದನಿಯಲ್ಲಿ,
ಅದನ್ನು ಯಾತರಿಂದ ಮಾಡುವುದು?
"ಈಗ ನೀನು ಮಲಗು" ಎಂದಳು ಅವಳು.

ನನಗೆ ನಿದ್ದೆ ಹತ್ತಲಿಲ್ಲ.
ಅರ್ಧ ಗಂಟೆ ಹೊರಳಾಡಿ ಎದ್ದೆ,
ಕೆಟಲಿಗೆ ಹೇಳಿದೆ, ನಲ್ಲಿಗೆ ಹೇಳಿದೆ,
ಬಾಗಿಲ ಬಳಿ ಒದ್ದೆಯಾಗಿ ನಿಂತಿದ್ದ
ಬೂಟುಗಳ ಎದುರು ಕೊಂಚ ಹೊತ್ತು ನಿಂತು
ಅವಕ್ಕೂ ಹೇಳಿದೆ.